ತುಕ್ಕು ಹಿಡಿದ ಕತ್ತಿ, ಬೆಳೆದ ಗಡ್ಡ

ಸಿರಾ ಪೇಟೆಗೆ ನಾನು ಹೋದದ್ದು ಲಾಟೀನಿನ ಗಾಜು ತರಲು. ಮನೆಗೆ ತಂದದ್ದು ಕ್ಷೌರದ ಕತ್ತಿ. ಯುದ್ಧದ ಕಾಲ, ಗಾಜು ಯಾವ ಅಂಗಡಿಯಲ್ಲೂ ಇರಲಿಲ್ಲ. ಕೊನೆಗೆ ಹಳೇ ಸಾಮಾನು ಮಾರುವ ಸಾಹೇಬರೊಬ್ಬರ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗುಡ್ಡೆ ಕೆದಕಿದೆ. ಕೀಲಿಯಿಲ್ಲದ ಬೀಗ, ಬೀಗವಿಲ್ಲದ ಕೀಲಿ, ಮುಳ್ಳು ಉದುರಿದ ಗಡಿಯಾರ, ಒಂದೇ ಕಡ್ಡಿಯ ಕನ್ನಡಕ. ಅವುಗಳ ಅಡಿಯಲ್ಲಿ ಈ ಕತ್ತಿ ಮಲಗಿತ್ತು. ಕಪ್ಪು ಕೊಂಬಿನ ಹಿಡಿಯನ್ನು ಹುಳ ಅರ್ಧ ತಿಂದಿತ್ತು. ಅಲಗು ಹಿಡಿಯೊಳಗೇ ಕಚ್ಚಿಕೊಂಡು ಬಿಚ್ಚಲೊಲ್ಲದು. ಉಗುರು ಹಾಕಿ ಎಳೆದಾಗ ಕಿರ್ರೆಂದು ಬಿಚ್ಚಿಕೊಂಡಿತು; ನನ್ನ ಪಂಚೆಯ ಮೇಲೆಲ್ಲ ಕೆಂಪು ಪುಡಿ.

"ಲೇಜಾವ್ ಸಾಬ್," ಅಂದರು ಸಾಹೇಬರು. "ಗಾಜಿಲ್ಲ ಅಂತ ಖಾಲಿ ಕೈಲಿ ಹೋಗ್ಬ್ಯಾಡಿ. ವಿಲಾಯ್ತಿ ಮಾಲು ಇದು. ಥೋಡಾ ಸಾಫ್ ಮಾಡಿದ್ರೆ ಮುಖ ಕಾಣ್ಸತ್ತೆ."

ಥೋಡಾ ಅಂದರೆ ಸ್ವಲ್ಪ; ಆ ಸ್ವಲ್ಪ ಎಷ್ಟು ದೊಡ್ಡದೆಂದು ಆಮೇಲೆ ತಿಳಿಯಿತು.

ನಾನು ಆಗ ಸಿಡುಬಿನ ಡಾಕು, ಅಂದರೆ ತೋಳು ಗೀರಿ ಲಸಿಕೆ, ಹಾಕುವ ಕೆಲಸದಲ್ಲಿದ್ದೆ. ಮನೆ ಮಧುಗಿರಿಯಲ್ಲಿ, ಕೋಟೆಯ ಬುಡದ ಬೀದಿಯಲ್ಲಿ. ತಿರುಗಾಟ ಮಾತ್ರ ನಾಲ್ಕೂ ತಾಲ್ಲೂಕಿನಲ್ಲಿ. ಸಿರಾ, ಕೊರಟಗೆರೆ, ಪಾವಗಡ, ಎಲ್ಲಿ ಕೈ ಕಡಿಮೆಯಾದರೂ ಸೈಕಲ್ಲಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಹಳ್ಳಿಯವರು ನನ್ನನ್ನು ಡಾಕಪ್ಪ ಎನ್ನುತ್ತಿದ್ದರು. ನನ್ನನ್ನು ಕಂಡರೆ ಮಕ್ಕಳು ಅಟ್ಟ ಹತ್ತುತ್ತಿದ್ದವು. ಚಿಕ್ಕ ಚೂಪು ಕತ್ತಿಯೊಂದನ್ನು ದಿನವೂ ಹಿಡಿಯುವ ಕೈ ಇದು, ದೊಡ್ಡ ಕತ್ತಿ ಎಷ್ಟರದ್ದು ಎಂಬ ಧೈರ್ಯ ನನಗಿತ್ತು.

ಮರುದಿನ ಬೇವಿನ ಮರದ ಕೆಳಗೆ ಕೂರುವ ನಮ್ಮ ಹಜಾಮನಿಗೆ ಅದನ್ನು ತೋರಿಸಿದೆ. ವಾರಕ್ಕೊಮ್ಮೆ ನನ್ನ ಮುಖ ನೋಡಿಕೊಳ್ಳುತ್ತಿದ್ದವನು ಅವನೇ. ಅವನ ಕೈಗಿಂತ ನಾಲಿಗೆ ಹರಿತ. ಕತ್ತಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ ಬುದ್ಧಿ, ಕಬ್ಬಿಣದ ಒಣಮೀನಾ?" ಅಂದ.

ಸರದಿಗೆ ಕೂತಿದ್ದವರೆಲ್ಲ ನಕ್ಕರು. ನನಗೆ ಸ್ವಲ್ಪ ರೇಗಿತು. "ನೋಡ್ತಾ ಇರು. ಇದ್ರಲ್ಲೇ ಗಡ್ಡ ತೆಗೀತೀನಿ. ಅಲ್ಲೀತನಕ ನಿನ್ ಮಣೆ ಮೇಲೆ ಕೂರಾಕಿಲ್ಲ" ಎಂದುಬಿಟ್ಟೆ.

"ಅಂಗಾರೆ ಬುದ್ಧಿ, ಸಂತೇಲಿ ಒಂದು ಹಣಿಗೆ ತಂದ್ಕಳಿ. ಗಡ್ಡ ಬಾಚ್ಕಳಕ್ಕೆ ಬೇಕಾಗ್ತದೆ."

ಹೀಗೆ ನಾಲ್ಕು ಜನರ ಮುಂದೆ ಆಡಿದ ಮಾತು. ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ನಮ್ಮ ಮನೆಯಲ್ಲಿ ಹೊಳೆಯಬೇಕಾದ್ದಕ್ಕೆಲ್ಲ ಒಂದೇ ಮದ್ದು, ಹುಣಸೆಹಣ್ಣು. ಚೊಂಬು, ದೀಪದ ಕಂಬ, ದೇವರ ಗಂಟೆ, ಎಲ್ಲಕ್ಕೂ ಅದೇ. ಹಂಡೆಯ ಹೊಟ್ಟೆಗೆ ಹುಣಸೆಹಣ್ಣು ಬಳಿದು ತಿಕ್ಕಿದರೆ ಸೂರ್ಯ ಹುಟ್ಟಿದಂತೆ ಆಗುವುದನ್ನು ಚಿಕ್ಕಂದಿನಿಂದ ನೋಡಿದವನು. ಹಾಗಾಗಿ ಯಾರನ್ನೂ ಕೇಳದೆ ಒಂದು ಮುಷ್ಟಿ ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ, ಅಲಗಿಗೆ ಮೆತ್ತಿ, ಮಡಕೆಯ ಚೂರಿನಲ್ಲಿಟ್ಟು ಮಲಗಿದೆ. ಬೆಳಿಗ್ಗೆ ತೊಳೆದರೆ ತುಕ್ಕೇನೋ ಅರ್ಧಕ್ಕರ್ಧ ಹೋಗಿತ್ತು. ಆದರೆ ಅಲಗು ಸುಟ್ಟ ಬದನೆಕಾಯಿಯಷ್ಟು ಕಪ್ಪಗಾಗಿತ್ತು. ತಿಕ್ಕಿದಷ್ಟೂ ಇನ್ನೂ ಕಪ್ಪು.

ನನ್ನ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. "ಹಿತ್ತಾಳೆಗೆ ಹುಣ್ಸೆಹಣ್ಣು ಕಣ್ರೀ. ಕುಡ್ಗೋಲಿಗೆ ಯಾರಾರ ಹಾಕ್ತಾರಾ? ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಾಗಿತ್ತು."

ಸೀಮೆಎಣ್ಣೆಯಲ್ಲಿ ನೆನೆಸಿದರೆ ಉಳಿದ ತುಕ್ಕು ಬಿಡುತ್ತದೆ ಎಂದು ನನ್ನ ಲೆಕ್ಕ. ಸೀಮೆಎಣ್ಣೆ ಆಗ ಚೀಟಿಯ ಮೇಲೆ ಸಿಗುತ್ತಿದ್ದುದು. ಅವಳು ಬಾಟಲಿಯನ್ನು ಸೆರಗಿನಡಿ ಇಟ್ಟುಕೊಂಡು, "ದೀಪಕ್ಕೇ ಇಲ್ಲ, ಕತ್ತಿ ಕುಡೀತದಂತೆ" ಅಂದಳು. ಕೊನೆಗೆ ಹೊಂಗೆ ಎಣ್ಣೆ ಸಿಕ್ಕಿತು. ಎಣ್ಣೆ ಕುಡಿಸಿ, ಇಟ್ಟಿಗೆಯನ್ನು ಕುಟ್ಟಿ ಹಳೇ ಪಂಚೆಯಲ್ಲಿ ಜರಡಿ ಹಿಡಿದು, ಆ ಪುಡಿಯನ್ನು ಕತ್ತಾಳೆ ನಾರಿನ ಉಂಡೆಗೆ ಹಚ್ಚಿ ಉಜ್ಜತೊಡಗಿದೆ. ಕೆಲಸದಿಂದ ಬಂದು ಕಾಲು ತೊಳೆದವನೇ ಹಿತ್ತಲ ಕಲ್ಲಿನ ಮೇಲೆ ಕೂರುವುದು, ಉಜ್ಜುವುದು. ಬೆನ್ನಿನ ಕಡೆ ಮೊದಲು ಬೆಳ್ಳಗಾಯಿತು. ಮಧ್ಯದಲ್ಲಿ ಮಾತ್ರ ಹುಣಸೆಮರದ ಕೊಂಬೆಯ ಹಾಗೆ ಒಂದು ಕಪ್ಪು ಕಲೆ ನಿಂತೇಬಿಟ್ಟಿತು. ಹುಳ ತಿಂದ ಹಿಡಿಯನ್ನು ತೆಗೆದು ಬಿಸಾಕಿ, ಮುರಿದ ಕಡೆಗೋಲೊಂದನ್ನು ಸೀಳಿ, ಎರಡು ಪಟ್ಟಿ ಕೆತ್ತಿ, ಹಿತ್ತಾಳೆ ಮೊಳೆ ಬಡಿದೆ. ಕೈಗೆ ಹಿತವಾಗಿತ್ತು. ಮೂಗಿಗೆ ಹಿಡಿದರೆ ಮಜ್ಜಿಗೆಯ ವಾಸನೆ.

ಇಷ್ಟು ಹೊತ್ತಿಗೆ ನನ್ನ ಗಡ್ಡ ಕೈಗೆ ಸಿಗುವಷ್ಟು ಬೆಳೆದಿತ್ತು. ಅದು ಬೆಳೆದಂತೆ ಊರೂರಿನಲ್ಲಿ ಜನ ನನ್ನನ್ನು ತುಂಬ ಪ್ರೀತಿಯಿಂದ ಮಾತಾಡಿಸುತ್ತಿದ್ದಾರೆ ಎನ್ನಿಸಿತು. ಬರಗೂರಿನಲ್ಲಿ ಮೊಮ್ಮಗನನ್ನು ಮಡಿಲಲ್ಲಿ ಒತ್ತಿ ಹಿಡಿದು ಡಾಕು ಹಾಕಿಸುತ್ತಿದ್ದ ಅಜ್ಜಿಯೊಬ್ಬಳು ನನ್ನ ಮುಖವನ್ನೇ ನೋಡುತ್ತಿದ್ದು, "ಡಾಕಪ್ಪಾ, ಮನೇಲಿ ಏನಾರ ಇಸೇಸವಾ?" ಅಂದಳು.

ನನ್ನ ಒಬ್ಬಳೇ ಮಗಳನ್ನು ಹೊಳವನಹಳ್ಳಿಗೆ ಕೊಟ್ಟಿದ್ದೆವು. ಅವಳು ಚೊಚ್ಚಲ ಬಸುರಿ. ಅಜ್ಜಿ ಅದನ್ನೇ ಕೇಳುತ್ತಿದ್ದಾಳೆಂದು ತಿಳಿದು, "ಹೂನಜ್ಜಿ, ಏಳರಲ್ಲಿ ಬಿದ್ದೈತೆ" ಅಂದೆ.

ಅಜ್ಜಿ ನನ್ನ ನರೆಗೂದಲು ನೋಡಿದಳು, ಗಡ್ಡ ನೋಡಿದಳು. "ಬುಡು, ದೇವ್ರು ಕೊಡೋವಾಗ ವಯಸ್ಸು ಕೇಳ್ತಾನಾ?" ಎಂದು ಎದ್ದು ಹೋಗಿ, ಒಂದು ಮಡಿಲು ಎಳೇ ಹುಣಸೆಕಾಯಿ ತಂದು ನನ್ನ ಚೀಲಕ್ಕೆ ಸುರಿದಳು. ಪಾವಗಡದ ಕಡೆ ನಿಡುಗಲ್ಲಿಗೆ ಹೋದಾಗ ಬೆಟ್ಟದ ದಾರಿಯಲ್ಲಿ ಎತ್ತು ಹೊಡೆಯುತ್ತಿದ್ದ ಗೌಡನೊಬ್ಬ, "ಎನ್ನೋ ನೆಲ ಸಾಮಿ?" ಎಂದು ತೆಲುಗಿನಲ್ಲಿ ತಿಂಗಳು ಕೇಳಿದ. ಅವನಿಗೂ ಏಳು ಎಂದೆ. ಅವನು ನೆಲ್ಲಿಕಾಯಿ ಕೊಟ್ಟ. ಈ ಸೀಮೆಯ ಜನ ಎಷ್ಟು ಒಳ್ಳೆಯವರು, ಕಾಣದ ನನ್ನ ಮಗಳ ಮೇಲೆ ಎಷ್ಟು ಅಕ್ಕರೆ ಎಂದುಕೊಂಡು ಸೈಕಲ್ ತುಳಿದೆ.

ಮನೆಗೆ ಬಂದರೆ ಹೆಂಡತಿ ಬಾವಿಯಿಂದ ಬಂದು ಖಾಲಿ ಕೈಯಲ್ಲಿ ನಿಂತಿದ್ದಳು. ಹಿಂದೆ ಪಕ್ಕದ ಮನೆಯಾಕೆ ನಮ್ಮ ಬಿಂದಿಗೆ ಹೊತ್ತು ತಂದು ಇಳಿಸಿ, ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದು ಹೋದಳು.

"ರೀ, ಬಾವಿ ತಾವ ನಂಗೆ ಬಿಂದಿಗೆ ಎತ್ತಾಕೆ ಯಾರೂ ಬುಡ್ತಿಲ್ಲ."

"ಒಳ್ಳೇದಾಯ್ತಲ್ಲ."

"ಏನ್ ಒಳ್ಳೇದು! ನಾನು ಬಸ್ರೀನಂತೆ!"

ನನಗೆ ಆಗ ಹೊಳೆಯಿತು. ಹೆಂಡತಿ ಬಸುರಿಯಾದಾಗ ಗಂಡ ಕೂದಲಿಗೆ ಕತ್ತಿ ತಾಗಿಸಬಾರದು, ಹೆರಿಗೆಯಾಗುವವರೆಗೆ ಗಡ್ಡ ಬಿಡಬೇಕು ಎಂಬುದು ನಮ್ಮ ಕಡೆ ಎಲ್ಲರೂ ನಡೆಸಿಕೊಂಡು ಬಂದದ್ದು. ನನ್ನ ಅಳಿಯನೂ ಆಗ ಎದೆ ಮುಟ್ಟುವ ಗಡ್ಡ ಬಿಟ್ಟುಕೊಂಡೇ ತಿರುಗುತ್ತಿದ್ದ. ಡಂಗುರ ಬೇಕಿಲ್ಲ, ಗಂಡಸಿನ ಗಲ್ಲ ನೋಡಿದರೆ ಮನೆಯ ಸುದ್ದಿ ತಿಳಿಯುತ್ತದೆ. ನಾನು ಊರೂರು ಅಲೆಯುವವನು, ನಾಲ್ಕು ತಾಲ್ಲೂಕಿಗೂ ಗಲ್ಲ ತೋರಿಸಿಕೊಂಡು ಬಂದಿದ್ದೆ. ಅಷ್ಟು ಸಾಲದೆ ತಿಂಗಳೂ ಹೇಳಿದ್ದೆ. ಚೀಲದಲ್ಲಿದ್ದ ಹುಣಸೆಕಾಯಿ ನೆಲ್ಲಿಕಾಯಿಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಮೆಲ್ಲಗೆ ಚೀಲವನ್ನು ಬಾಗಿಲ ಹಿಂದೆ ಸರಿಸಿದೆ. ಅವಳು ನೋಡಿಬಿಟ್ಟಳು.

"ಹುಳೀನೂ ತಂದ್ರಾ!" ಎಂದು ಹಣೆ ಬಡಿದುಕೊಂಡು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮೊದಲು ಗೊತ್ತಾಗಲಿಲ್ಲ. ಅಳುವಂಥ ವಿಷಯವೂ ಇತ್ತು. ಮುಂದಿನ ವಾರ ಹೊಳವನಹಳ್ಳಿಯಲ್ಲಿ ಮಗಳಿಗೆ ಮಡಿಲು ತುಂಬುವ ಶಾಸ್ತ್ರ. ಮೊದಲ ಬೊಗಸೆ ಅಕ್ಕಿ ಹೆತ್ತ ತಾಯಿಯೇ ಹಾಕಬೇಕು. ಆ ಮನೆಯ ಬೀಗಿತ್ತಿ, ಅಂದರೆ ನಮ್ಮ ಮಗಳ ಅತ್ತೆ, ಕೆಟ್ಟವಳಲ್ಲ. ಆದರೆ ಸಿಕ್ಕಿದ ಮಾತನ್ನು ಸುಮ್ಮನೆ ಬಿಡುವವಳೂ ಅಲ್ಲ. ಮದುವೆಯಲ್ಲಿ ನಮ್ಮ ಒಬ್ಬಟ್ಟಿನ ಅಂಚು ಗಟ್ಟಿಯಾಗಿತ್ತೆಂದು ವರ್ಷ ಕಳೆದರೂ ಆಡಿದವಳು.

"ಮಾವ ಅಳಿಯ ಇಬ್ರೂ ಗಡ್ಡ ಬಿಟ್ಕಂಡು ಚಪ್ರದ ಕೆಳಗೆ ನಿಂತ್ರೆ, ನಾನೇನು ಮಗ್ಳ ಪಕ್ದಲ್ಲಿ ಹಸೆ ಮೇಲೆ ಕೂರ್ಬೇಕಾ? ಆ ಬೀಗಿತ್ತಿ ಬಾಯಿಗೆ ಬಿದ್ರೆ ಮೊಮ್ಮಗೂನ ಮದ್ವೇತಂಕ ಆಡ್ಕಂತಾಳೆ. ಗಡ್ಡ ಇರೋ ಗಂಟ ನಾನು ಬರಾಕಿಲ್ಲ."

"ನೀನು ಬರದಿದ್ರೆ ಮೊದಲ್ನೇ ಅಕ್ಕಿ ಯಾರು ಹಾಕೋದು?"

"ಅದ್ನೇ ನಾನೂ ಕೇಳ್ತಿರೋದು. ಓಗಿ ಆ ಬೇವಿನ ಮರದ ಕೆಳಗೆ ಕುಂತ್ಕಂಡು ಬನ್ನಿ."

"ಮಾತು ಕೊಟ್ಬುಟ್ಟಿದ್ದೀನಲ್ಲೇ."

"ಮಾತು ಕೊಟ್ಟಿದ್ದು ನೀವು, ಹೊಟ್ಟೆ ಬಂದಿದ್ದು ನಂಗಾ?"

ಹೊರಡುವ ಬೆಳಿಗ್ಗೆಯೊಳಗೆ ಕತ್ತಿ ಹರಿತವಾಗದಿದ್ದರೆ ಬೇವಿನ ಮರಕ್ಕೆ ಹೋಗಿ ತಲೆ ತಗ್ಗಿಸಿ ಕೂರುತ್ತೇನೆಂದು ಅವಳಿಗೆ ಒಪ್ಪಿಕೊಂಡೆ. ಒಪ್ಪಿಕೊಂಡದ್ದೇ ತಡ, ಅವಳೂ ಕತ್ತಿಯ ಕೆಲಸಕ್ಕೆ ಕೈ ಹಾಕಿದಳು.

ಹರಿತ ಬಂದಿದೆಯೋ ಇಲ್ಲವೋ ನೋಡುವುದಕ್ಕೆ ಕೂದಲು ಬೇಕು. ನನ್ನ ಎಡಗೈ ಆಗಲೇ ಅಲ್ಲಲ್ಲಿ ಕೆರೆದು ಕೆಂಪಾಗಿತ್ತು. ಅವಳು ತಲೆ ಬಾಚುವಾಗ ಉದುರಿದ ಕೂದಲನ್ನು ಚೌರಿ ಕಟ್ಟಿಸಲೆಂದು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದಳು. ಅದರಿಂದ ಒಂದೊಂದೇ ಎಳೆ ಬಿಡಿಸಿ ಎರಡು ಕೈಯಲ್ಲಿ ಬಿಗಿ ಹಿಡಿಯುವಳು. ನಾನು ಅಲಗು ತಾಗಿಸುವೆ. ಕೂದಲು ತುಂಡಾಗದೆ ಜಾರಿ ಹೋಗುವುದು. ಮತ್ತೆ ಸಾಣೆ, ಮತ್ತೆ ಕೂದಲು. "ನನ್ನ ಚೌರಿ ಮುಗ್ಯೋದ್ರಾಗೆ ನಿಮ್ ಗಡ್ಡ ಹೋದ್ರೆ ಸಾಕು" ಎನ್ನುವಳು.

ತಪ್ಪು ಎಲ್ಲಿದೆಯೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಕುಡುಗೋಲು ಮಸೆಯುವ ಹಾಗೆ, ಅಲಗಿನ ಬೆನ್ನು ಎತ್ತಿ ಹರಿತದ ಬಾಯಿ ಮಾತ್ರ ಕಲ್ಲಿಗೆ ತಾಗಿಸಿ, ಜರ್ ಜರ್ ಎಂದು ಉಜ್ಜುತ್ತಿದ್ದೆ. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಕೈ ತಾನಾಗಿ ಹಾಗೇ ಹೋಗುತ್ತದೆ. ರಾಗಿ ಕೊಯ್ಯಲು ಅಷ್ಟು ಸಾಕು, ಗಲ್ಲಕ್ಕೆ ಸಾಲದು. ಒಂದು ಸಂಜೆ ಡಾಕಿನ ಚಿಕ್ಕ ಕತ್ತಿಯನ್ನು ಎಂದಿನಂತೆ ಅಂಗೈಯಗಲದ ಕಲ್ಲಿನ ಮೇಲೆ ಮಲಗಿಸಿ ತೀಡುತ್ತಿದ್ದೆ. ಮಲಗಿಸಿ! ಕೈ ಅಲ್ಲೇ ನಿಂತಿತು. ದಿನವೂ ಮಾಡುವ ಕೆಲಸ ಪಕ್ಕದಲ್ಲೇ ಇದ್ದು ಕಣ್ಣಿಗೆ ಬಿದ್ದಿರಲಿಲ್ಲ. ದೊಡ್ಡ ಕತ್ತಿಯ ಬೆನ್ನು ಯಾಕೆ ಅಷ್ಟು ದಪ್ಪ ಅಂದರೆ, ಬೆನ್ನೂ ಬಾಯೂ ಎರಡೂ ಕಲ್ಲಿನ ಮೇಲೆ ಒಟ್ಟಿಗೆ ಮಲಗಲಿ ಎಂದು. ಆಮೇಲೆ ಮಗಳು ಸ್ಕೂಲಿಗೆ ಒಯ್ಯುತ್ತಿದ್ದ ಒಡೆದ ಸ್ಲೇಟನ್ನು ಹುಡುಕಿ ತೆಗೆದೆ. ನೀರು ಚಿಮುಕಿಸಿ, ಕತ್ತಿಯನ್ನು ಅದರ ಮೇಲೆ ಮಲಗಿಸಿ, ಬಾಯಿ ಮುಂದಾಗಿ ನಯವಾಗಿ ದೂಡಿದೆ. ಜರ್ ಎನ್ನುವ ಸದ್ದು ಹೋಗಿ ರೇಷ್ಮೆ ಸರಿದಂಥ ಸದ್ದು ಬಂತು.

ಕೊನೆಯ ನಯಕ್ಕೆ ಹಜಾಮರು ಚರ್ಮದ ಪಟ್ಟಿಗೆ ಉಜ್ಜುತ್ತಾರೆ. ಚರ್ಮವನ್ನು ಹೊಸಲು ದಾಟಿಸಲು ಅವಳು ಬಿಡಲಿಲ್ಲ. ಆಗ ನಮ್ಮ ತಂದೆ ನೆನಪಾದರು. ಅವರು ಬರೆಯುವ ಜೊಂಡಿನ ಕಡ್ಡಿಗೆ ಮೊನೆ ಮಾಡುವ ಚಾಕುವನ್ನು ಒಣಗಿದ ಕತ್ತಾಳೆ ದಿಂಡಿನ ತಿರುಳಿಗೆ ತಿಕ್ಕುತ್ತಿದ್ದರು. ಬೇಲಿಯಲ್ಲಿ ಹೂಬಿಟ್ಟು ಒಣಗಿದ ಕತ್ತಾಳೆ ಬೇಕಾದಷ್ಟು. ಒಂದು ಮೊಳ ತುಂಡು ಕೊಯ್ದು ಸೀಳಿದರೆ ಒಳಗೆ ಬೆಣ್ಣೆಯಂಥ ತಿರುಳು. ಅದಕ್ಕೆ ಹಚ್ಚಲು ನುಣ್ಣನೆಯ ಪುಡಿ ಬೇಕಿತ್ತು, ನನ್ನ ಕೈ ದೇವರ ಗೂಡಿನ ವಿಭೂತಿ ಗಟ್ಟಿಯ ಕಡೆ ಹೋಯಿತು.

"ಅಲ್ಲೇ ಇರ್ಲಿ ಕೈ!" ಅಡಿಗೆಮನೆಯಿಂದಲೇ ಕೂಗು ಬಂತು.

ಸ್ಲೇಟಿನ ಮೇಲೆ ಉಳಿದ ಬೂದು ಕೆಸರನ್ನೇ ಒಣಗಿಸಿ ಹಚ್ಚಿದೆ. ಈಗ ಬೆನ್ನು ಮುಂದಾಗಿ ಎಳೆಯಬೇಕು, ಇಲ್ಲದಿದ್ದರೆ ಬಾಯಿ ತಿರುಳನ್ನು ಕಚ್ಚುತ್ತದೆ. ಹೋಗಿ ಬಂದು, ಹೋಗಿ ಬಂದು. ಅವಳು ಕೂದಲೆಳೆ ಹಿಡಿದಳು. ಅಲಗು ತಾಗಿತೋ ಇಲ್ಲವೋ ಎನ್ನುವಷ್ಟರಲ್ಲಿ ಎಳೆ ಎರಡಾಗಿ ಅವಳ ಎರಡು ಕೈಯಲ್ಲೂ ಒಂದೊಂದು ತುಂಡು ಉಳಿಯಿತು. ಅವಳು ಎರಡೂ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವಳು, "ಇನ್ನೊಂದ್ಸಲ" ಅಂದಳು.

ಹೊರಡುವ ಬೆಳಿಗ್ಗೆ ಬುಧವಾರ, ಕ್ಷೌರಕ್ಕೆ ಒಳ್ಳೆಯ ವಾರ. ಕಿಟಕಿಯ ಸರಳಿಗೆ ಕನ್ನಡಿ ಕಟ್ಟಿ, ಬಿಸಿನೀರಲ್ಲಿ ಮುಖ ನೆನೆಸಿ, ಸೋಪಿನ ನೊರೆ ಹಚ್ಚಿ ಶುರು ಮಾಡಿದೆ. ಬಲಗೆನ್ನೆ ಹೇಗೋ ಸಾಗಿತು. ಅಲ್ಲಲ್ಲಿ ದ್ವೀಪಗಳು ಉಳಿದವು, ಕಿವಿಯ ಹತ್ತಿರ ಸಣ್ಣ ಗೀರು, ಪಟಿಕ ಒತ್ತಿದೆ. ಆದರೂ ಕತ್ತಿ ಗಡ್ಡ ತೆಗೆಯುತ್ತಿತ್ತು! ಆ ಸಂತೋಷದಲ್ಲಿ ಎಡಗೆನ್ನೆಗೆ ಬಂದೆ. ಬಲಗೈಯನ್ನು ಮುಖದ ಮೇಲೆ ಅಡ್ಡ ಹಾಯಿಸಿದರೆ ಮೊಣಕೈಯೇ ಕನ್ನಡಿಯನ್ನು ಮುಚ್ಚುತ್ತದೆ. ಎಡಗೈಗೆ ಕತ್ತಿ ಕೊಟ್ಟರೆ ಅದು ಮೂಗಿನ ಕಡೆ ಹೊರಡುತ್ತದೆ. ಕನ್ನಡಿಯಲ್ಲಿ ಆ ಕಡೆ ಎಂದರೆ ಈ ಕಡೆ. ಬೆವರಿದೆ. ಅರ್ಧ ಬೋಳು, ಅರ್ಧ ಗಡ್ಡ. ಹೊರಗೆ ಹೋಗುವ ಹಾಗೂ ಇಲ್ಲ. ಈ ಮುಖ ಹೊತ್ತು ಬೇವಿನ ಮರದವರೆಗೆ ಬೀದಿಯಲ್ಲಿ ನಡೆಯುವುದಾದರೂ ಹೇಗೆ?

"ಬಸ್ಸಿಗೆ ಹೊತ್ತಾಯ್ತು" ಎನ್ನುತ್ತ ಅವಳು ಅಕ್ಕಿ ಬೆಲ್ಲದ ಗಂಟು ಹಿಡಿದು ಬಂದಳು. ನನ್ನನ್ನು ನೋಡಿದಳು. ಗಂಟು ಕೆಳಗಿಟ್ಟಳು. ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಬೀದಿಬಾಗಿಲ ಅಗಳಿ ಹಾಕಿ ಬಂದು, "ಕುಂತ್ಕಳಿ" ಅಂದಳು.

"ನಿಂಗೆ ಬರ್ತದಾ?"

"ದಿನಾ ಹುರುಳೀಕಾಯಿ ಯಾರು ಹೆಚ್ಚೋದು?"

ಮಣೆಯ ಮೇಲೆ ನನ್ನನ್ನು ಕೂರಿಸಿ, ಎದುರಿಗೆ ತಾನೂ ಒಂದು ಮಣೆ ಹಾಕಿ ಕೂತಳು. ಬಲಮೊಣಕೈಯನ್ನು ಮಂಡಿಗೆ ಊರಿ ಕತ್ತಿಯನ್ನು ಕಲ್ಲಿಗೆ ನೆಟ್ಟಂತೆ ಹಿಡಿದಳು. ಎಡಗೈಯಲ್ಲಿ ನನ್ನ ಗದ್ದ ಹಿಡಿದು, ಮುಖವನ್ನೇ ಮೆಲ್ಲಗೆ ಕತ್ತಿಗೆ ತಂದು ತಾಗಿಸಿ ಜಾರಿಸಿದಳು.

"ಕತ್ತಿ ಆಡ್ಸೇ, ಮುಖ ಯಾಕೆ ಆಡ್ಸ್ತೀಯ?"

"ಈಳಿಗೆಮಣೇಲಿ ಕತ್ತಿ ಓಡಾಡ್ತದಾ? ಕಾಯಿ ಓಡಾಡ್ಬೇಕು."

"ನಾನು ಕಾಯಿನಾ?"

"ಸದ್ಯಕ್ಕೆ ಕುಂಬಳಕಾಯಿ. ಬಾಯಿ ಮುಚ್ಕಳಿ, ತುಟಿ ಹೋದಾತು."

ಮುಚ್ಚಿದೆ. ಸೋರೆಕಾಯಿಯ ಸಿಪ್ಪೆ ತೆಗೆಯುವಾಗ ಹೇಗೆ ತಿರುಗಿಸುತ್ತಾಳೋ ಹಾಗೆ ನನ್ನ ತಲೆಯನ್ನು ತಿರುಗಿಸಿ, ಬಗ್ಗಿಸಿ, ಎತ್ತಿ, ಗಲ್ಲದ ಅಡಿಯ ಕುಳಿಯನ್ನೂ ಬಿಡದೆ ಮುಗಿಸಿದಳು. ಕೈಯಾಡಿಸಿ ನೋಡಿದೆ, ಹಲಸಿನ ಬೀಜದ ಹಾಗಿತ್ತು.

ಬಸ್ಸಿಗೆ ಹೋಗುವ ದಾರಿಯಲ್ಲಿ ಬೇವಿನ ಮರ ಸಿಕ್ಕೇ ಸಿಗುತ್ತದೆ. ಹಜಾಮ ಎದ್ದು ಬಂದು, ಕೈ ಮುಗಿದು, ನನ್ನ ಮುಖವನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ನೋಡಿದ. "ಗೆದ್ಬುಟ್ರಿ ಬುದ್ಧಿ, ಒಪ್ಕಂಡೆ. ಆದ್ರೆ ಒಂದು ಮಾತು. ಬಲಗೆನ್ನೆ ನಿಮ್ಮುದು. ಎಡಗೆನ್ನೆ ಯಾರ್ದು?"

ನನ್ನ ಹೆಂಡತಿ ಇದ್ದಕ್ಕಿದ್ದಂತೆ ಬಿರಬಿರನೆ ಮುಂದೆ ನಡೆದಳು.

ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಏರು ಬಂದಲ್ಲೆಲ್ಲ ನಿಂತು, ಗಂಡಸರೆಲ್ಲ ಇಳಿದು ತಳ್ಳಿ, ಹೊಳವನಹಳ್ಳಿ ಸೇರುವ ಹೊತ್ತಿಗೆ ನಮ್ಮ ಮುಖಕ್ಕೆಲ್ಲ ಮಸಿ. ಚಪ್ಪರದ ಬಾಗಿಲಲ್ಲೇ ಬೀಗಿತ್ತಿ ನೀರು ಕೊಟ್ಟಳು. ನಾನು ಮುಖ ತೊಳೆದು ತಲೆಯೆತ್ತಿದರೆ ಅವಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ಬೀಗ್ರೇ, ಗಡ್ಡ ಎಲ್ಲಿ?"

"ಯಾವ ಗಡ್ಡ?" ಅಂದೆ.

"ಕೊರಟಗೆರೆ ಸಂತೇಲಿ ಎಲ್ರೂ ಹೇಳಿದ್ರಲ್ಲ! ನಾನು ಎರಡು ಸೀರೆ ತರ್ಸಿ, ಎರಡು ಮಡ್ಲಕ್ಕಿ ಕಟ್ಟಿ ಮಡಗಿವ್ನಿ!"

ಚಪ್ಪರದಲ್ಲಿದ್ದ ಹೆಂಗಸರೆಲ್ಲ ಈ ಕಡೆ ತಿರುಗಿದರು. ಇಷ್ಟು ದಿನ ಹೆದರಿದ್ದು ಇದಕ್ಕೇ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಗಂಟನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿಕೊಂಡಳು, ಅಷ್ಟೇ.

"ಅಂಗೇ ಇರ್ಲಿ ಬೀಗಿತ್ತೀ. ಎರಡ್ನೇದೂ ನಮ್ ಹುಡ್ಗಿ ಮಡ್ಲಿಗೇ ಸುರಿಯಾನ. ಅವ್ಳಿ ಜವ್ಳಿ ಆದ್ರೆ ಬೇಕಾಗ್ತದೆ. ನಮ್ಮನೇಲಿ ಏನಿದ್ರೂ ಒಂದು ಕತ್ತಿ ಹುಟ್ಟೈತೆ, ನಮ್ ಯಜಮಾನ್ರೇ ಹೆತ್ತಿದ್ದು. ಸುಖವಾಗಿ ಆಯ್ತು."

ಮೊದಲು ನಕ್ಕವಳು ಬೀಗಿತ್ತಿಯೇ. ಎಷ್ಟು ನಕ್ಕಳೆಂದರೆ ಚಪ್ಪರದ ಗಳು ಹಿಡಿದುಕೊಳ್ಳಬೇಕಾಯಿತು. "ಬಾಯಿ ಐತೆ ಕಣಮ್ಮ ನಿಂಗೆ, ಬಾ" ಎಂದು ಕೈ ಹಿಡಿದು ಒಳಕ್ಕೆ ಕರೆದೊಯ್ದು, ತಾನೇ ಮೊರ ಎತ್ತಿ ಅವಳ ಮುಂದೆ ಹಿಡಿದಳು. ನನ್ನ ಹೆಂಡತಿ ಮೊದಲ ಬೊಗಸೆ ತುಂಬಿ ಮಗಳ ಮಡಿಲಿಗೆ ಹಾಕಿದಳು. ಮಗಳು ನನ್ನ ಕಾಲಿಗೆ ಬಗ್ಗಿ ಏಳುವಾಗ, "ಅಪ್ಪಾ, ನಿನ್ ಒಂದು ಕೆನ್ನೆ ಮಾತ್ರ ಯಾಕಿಂಗೆ?" ಎಂದು ಪಿಸುಗುಟ್ಟಿದಳು. ಗಡ್ಡದ ಅಳಿಯ ಮಾತ್ರ ನನ್ನ ಗಲ್ಲವನ್ನೇ ಆಸೆಯಿಂದ ನೋಡುತ್ತ ನಿಂತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಬಲಗಡೆಯ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಅವಳ ಪಕ್ಕ ನಾನು. ನನ್ನ ಬಲಗೆನ್ನೆಗೆ ಬಿಸಿಲು ಬೀಳುತ್ತಿತ್ತು. ಅವಳು ತುಂಬ ಹೊತ್ತು ಆ ಕೆನ್ನೆಯನ್ನು ನೋಡುತ್ತ ಕೂತಿದ್ದಳು. ಉಳಿದ ದ್ವೀಪಗಳು ನೀರು ಕಾಣದ ಹುಲ್ಲಿನ ಹಾಗೆ ಎದ್ದು ನಿಂತಿದ್ದಿರಬೇಕು.

"ನೋಡಾಕಾಗಲ್ಲ ಕಣ್ರೀ" ಅಂದಳು ಕೊನೆಗೆ. "ಮುಂದಿನ ಬುಧವಾರ ಆ ಕೆನ್ನೇನೂ ನಂಗೇ ಬುಟ್ಬುಡಿ."

ಬಿಟ್ಟುಕೊಟ್ಟೆ. ಸಾಣೆ ಮಾತ್ರ ನನ್ನದೇ.